ನನಗೆ ಬಾರದ ಚೆಂಡು

ಜೂನ್ ೪

ಗುಬ್ಬಿ,

'ನೀವು' ಅಂತ ಶುರುಮಾಡಿ ಒಂದು ಹಾಳೆ ಹರಿದು ಹಾಕಿದೆ. ಮೂವತ್ತೊಂದು ವರ್ಷ ಮಾತು ಬಿಟ್ಟವಳಿಗೆ ಬಹುವಚನ ಕೊಟ್ಟರೆ ನಾನು ಮೆತ್ತಗಾಗಿದ್ದೇನೆ ಅಂತ ನೀನು ಅಂದುಕೊಂಡುಬಿಡುತ್ತೀಯ. ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ನಕ್ಕು ಮಾತು ಮರೆಸುತ್ತೀಯ, ಅದು ನಿನಗೆ ಹುಟ್ಟಿನಿಂದ ಬಂದ ವಿದ್ಯೆ. ಕಾಗದದಲ್ಲಾದರೆ ದಾಖಲೆ ಉಳಿಯುತ್ತದೆ. ಈ ಪತ್ರದ ನಕಲು ನನ್ನ ಹತ್ತಿರ ಇದೆ, ಈಗಲೇ ಹೇಳಿರುತ್ತೇನೆ.

ಕಿರಿಯ ಹುಡುಗಿಯರ ರಾಷ್ಟ್ರೀಯ ವಾಲಿಬಾಲ್ ತಂಡಕ್ಕೆ ಕೋಚ್ ಆಗಲು ನೀನು ಅರ್ಜಿ ಹಾಕಿದ್ದೀಯ. ಅರ್ಜಿಯ ಪ್ರತಿಯನ್ನು ಆಯ್ಕೆ ಸಮಿತಿ ನನಗೆ ಕಳಿಸಿದೆ. ದೇಶದ ಪರವಾಗಿ ಅರವತ್ತೆರಡು ಪಂದ್ಯ, ಹೊರದೇಶದ ಮೂರು ಕ್ಲಬ್ಬುಗಳಲ್ಲಿ ಹನ್ನೊಂದು ವರ್ಷ. ಓದುತ್ತಾ ನನಗೇ ಮೈ ಜುಮ್ಮೆಂದಿತು, ಸುಳ್ಳೇಕೆ ಹೇಳಲಿ. ನಿನ್ನ ಕ್ಯಾಪ್ಟನ್ ಆಗಿದ್ದವಳ ಅಭಿಪ್ರಾಯ ಬೇಕಂತೆ. ಅದಕ್ಕೊಂದು ನಮೂನೆ ಇದೆ, ಆಗಸ್ಟ್ ಕೊನೆಯೊಳಗೆ ತುಂಬಿ ಕಳಿಸಬೇಕು. ಈ ಸಲ ಸಿಗದಿದ್ದರೆ ವಯಸ್ಸಿನ ಮಿತಿ ದಾಟಿ ಇನ್ನೆಂದೂ ಸಿಗುವುದಿಲ್ಲ ಅಂತ ಕಾರ್ಯದರ್ಶಿ ಬೇರೆ ಚೀಟಿ ಬರೆದಿದ್ದಾನೆ. ಆ ಚೀಟಿಯನ್ನು ನೀನೇ ಬರೆಸಿದೆಯೋ ಏನೋ.

ನಾಲ್ಕು ಕಾಲಂ ತುಂಬಿದ್ದೇನೆ. ಆಟದ ತಿಳುವಳಿಕೆ ಅತ್ಯುತ್ತಮ. ಶಿಸ್ತು ಉತ್ತಮ, ಲೇಸು ಕಟ್ಟದೆ ಅಂಕಣಕ್ಕೆ ಇಳಿಯುತ್ತಿದ್ದದ್ದಕ್ಕೆ ಒಂದು ಮೆಟ್ಟಿಲು ಇಳಿಸಿದೆ. ಐದನೆಯದು ಖಾಲಿ ಇದೆ. 'ಅಭ್ಯರ್ಥಿ ನಂಬಿಕೆಗೆ ಅರ್ಹರೇ?' ಹೌದು, ಇಲ್ಲ, ಎರಡೇ ಚೌಕ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಆಮೇಲೆ 'ನೆನಪಿಲ್ಲ' ಅನ್ನಬಾರದು. ಆ ದೇಶದಲ್ಲೇ, ಆ ದೇಶದ ತಂಡದ ಮೇಲೆ ನಾವು ಆಡಿದ ಫೈನಲ್. ನೀನು ಸೆಟ್ಟರ್. ಯಾರಿಗೆ ಚೆಂಡು ಎತ್ತಿಕೊಡುತ್ತೀಯ ಅನ್ನುವುದನ್ನು ಪ್ರತಿ ಸರ್ವ್‌ಗೂ ಮೊದಲು ಬೆನ್ನ ಹಿಂದೆ ಬೆರಳಲ್ಲಿ ತೋರಿಸುತ್ತಿದ್ದೆ. ಒಂದು ಬೆರಳೆಂದರೆ ನನಗೆ. ಎರಡು ಸೆಟ್ ಗೆದ್ದೆವು. ಮೂರನೆಯದರಿಂದ, ನಾನು ಹಾರುವ ಮೊದಲೇ ಅವರ ಮೂವರು ನನ್ನೆದುರು ಕೈಯೆತ್ತಿ ನಿಂತಿರುತ್ತಿದ್ದರು. ನಿನ್ನ ಬೆರಳು ಅವರಿಗೆ ತಿಳಿದದ್ದು ಹೇಗೆ? ಐದನೇ ಸೆಟ್ಟಿನಲ್ಲಿ ನಾನು ಕೂಗಿ ಕೂಗಿ ಗಂಟಲು ಹರಿದುಕೊಂಡರೂ ನನಗೆ ಒಂದು ಚೆಂಡೂ ಎತ್ತಿಕೊಡಲಿಲ್ಲ. ಕೊನೆಯದನ್ನು ನೆಟ್ಟಿನ ಇನ್ನೊಂದು ತುದಿಯಲ್ಲಿದ್ದ ನಮ್ಮವಳಿಗೆ ಕೊಟ್ಟೆ, ಅಲ್ಲೂ ಅವರು ಕಾದು ನಿಂತಿದ್ದರು. ಸೋತೆವು. ಆರೇ ತಿಂಗಳಿಗೆ ಅದೇ ತಂಡದ ಕೋಚ್ ತನ್ನ ಕ್ಲಬ್ಬಿಗೆ ನಿನ್ನನ್ನು ಕರೆಸಿಕೊಂಡ. ನಾನೇನು ತಿಳಿದುಕೊಳ್ಳಬೇಕು, ನೀನೇ ಹೇಳು.

ಈ ವಿಷಯ ನಾನು ಯಾರ ಹತ್ತಿರವೂ ಆಡಿಲ್ಲ. ಆಡಿದ್ದರೂ ಒಬ್ಬಿಬ್ಬರ ಹತ್ತಿರ.

ಏಣಿ
(ನೀವೆಲ್ಲ ಇಟ್ಟ ಹೆಸರೇ. ಈಗಲೂ ಆರಡಿ ಇದ್ದೇನೆ, ಮಂಡಿ ಮಾತ್ರ ಹೋಗಿದೆ.)


ಜೂನ್ ೧೯

ಏಣಕ್ಕ,

ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ, ಒಡೆಯದೆ ಅರ್ಧ ದಿನ ಮೇಜಿನ ಮೇಲಿಟ್ಟಿದ್ದೆ. ನಾನಿಲ್ಲಿ ಹುಡುಗಿಯರ ಹಾಸ್ಟೆಲಿನ ವಾರ್ಡನ್. ಅವರು ಬಂದು ಬಂದು, "ಯಾರ ಕಾಗದ ಮೇಡಂ, ಕೋರ್ಟಿಂದಾ?" ಅಂತ ಕೇಳಿದರು. ಹೆಚ್ಚು ಕಡಿಮೆ ಹಾಗೇ ಅಂದೆ.

ನಿನ್ನ ಪ್ರಶ್ನೆಗೆ ಉತ್ತರವಿದೆ. ಅದು ಎರಡು ಚೌಕದಲ್ಲಿ ಹಿಡಿಸುವುದಿಲ್ಲ, ಕೂತು ಬರೆಯಬೇಕು. ಮುಂದಿನ ವಾರ ಬಲ ಮಂಡಿಯ ಆಪರೇಷನ್. ಅದೊಂದು ಮುಗಿಯಲಿ.

ಅಲ್ಲಿಯವರೆಗೆ ಇಷ್ಟು ಕೇಳುತ್ತೇನೆ. ಮೂರನೇ, ನಾಲ್ಕನೇ ಸೆಟ್ಟಿನಲ್ಲಿ ಅವರ ಕೈಗೆ ಬಡಿದು ಬ್ಲಾಕ್ ಆದ ಚೆಂಡುಗಳು ಯಾರವು? ನಿನ್ನವು. ನಿನ್ನವು ಮಾತ್ರ. ನನ್ನ ಬೆರಳು ಸೋರಿದ್ದರೆ ಹೊಡೆಯುವ ಎಲ್ಲರದ್ದೂ ಸೋರಬೇಕಿತ್ತಲ್ಲವಾ? ಇದನ್ನು ನೀನು ಯಾವತ್ತಾದರೂ ಯೋಚಿಸಿದ್ದೀಯಾ?

ಆ ಪಂದ್ಯದ ಕ್ಯಾಸೆಟ್ ನಿನ್ನ ಹತ್ತಿರ ಇದೆ ಅಂತ ಕೇಳಿದ್ದೇನೆ. ಒಂದು ಸಲ ಹಾಕು. ನೋಡಬೇಡ. ಕಣ್ಣು ಮುಚ್ಚಿಕೊಂಡು ಕೇಳು.

ಹೊರದೇಶದ ಹನ್ನೊಂದು ವರ್ಷವನ್ನು ನೀನು ಎರಡು ಪುಟದಲ್ಲಿ ಓದಿದೆ. ಮೊದಲ ಮೂರು ತಿಂಗಳು ನಾನು ಅಲ್ಲಿ ಒಂದರಿಂದ ಹದಿನೈದರವರೆಗೆ ಎಣಿಸಲು ಬಿಟ್ಟರೆ ಇನ್ನೇನೂ ಮಾತಾಡಲು ಬಾರದ ಮೂಗಿಯಾಗಿದ್ದೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ರೂಮು. ಬೆಳಿಗ್ಗೆ ಕಿಟಕಿ ತೆಗೆದರೆ ಗ್ರೀಸಿನ ವಾಸನೆ, ಬೀಗ ಹಾಕಿದರೆ ನನ್ನದೇ ಉಸಿರು. ಮ್ಯಾಚ್ ಇದ್ದ ದಿನ ಮಾತ್ರ ಹಾಯೆನಿಸುತ್ತಿತ್ತು. ಚೆಂಡಿಗೆ ಭಾಷೆ ಬೇಡವಲ್ಲ.

ಗುಬ್ಬಿ


ಜುಲೈ ೮

ಗುಬ್ಬಿ,

ನಿನ್ನ ಲಕೋಟೆಗೆ ಎರಡು ಸಲ ಗೋಂದು ಹಚ್ಚಿದ ಗುರುತಿದೆ. ಒಮ್ಮೆ ಅಂಟಿಸಿ, ಬಿಚ್ಚಿ, ಒಂದು ಹಾಳೆ ತೆಗೆದು ಮತ್ತೆ ಅಂಟಿಸಿದ್ದೀಯ. ನಾನು ಇಪ್ಪತ್ತಾರು ವರ್ಷ ಪಿ.ಟಿ. ಟೀಚರ್ ಆಗಿದ್ದವಳು. ಹೊಟ್ಟೆನೋವಿನ ರಜಾ ಚೀಟಿಗಳನ್ನು ಸಾವಿರಾರು ನೋಡಿದ್ದೇನೆ.

ಉತ್ತರ ಕೇಳಿದರೆ ನೀನು ನನಗೇ ಪ್ರಶ್ನೆ ಹಾಕುತ್ತೀಯ. ಬ್ಲಾಕ್ ಆದದ್ದು ನನ್ನ ಚೆಂಡು ಮಾತ್ರ, ನಿಜ. ಅದರರ್ಥ ನೀನು ನನ್ನ ಗುರುತೊಂದನ್ನೇ ಅವರಿಗೆ ಕೊಟ್ಟೆ ಅಂತಲೂ ಆಗಬಹುದು. ತಂಡದಲ್ಲಿ ಹೊಡೆಯುವವಳು ನಾನು. ನನ್ನ ಕೈ ಕಟ್ಟಿದರೆ ಸಾಕಿತ್ತು, ಉಳಿದವರದ್ದು ಅವರಿಗೆ ಯಾಕೆ ಬೇಕು?

ಇನ್ನು ಆ ಕ್ಯಾಸೆಟ್. ನನ್ನ ತಮ್ಮ ಅದನ್ನು ಡಿಸ್ಕಿಗೆ ಹಾಕಿಸಿಕೊಟ್ಟಿದ್ದಾನೆ. ವರ್ಷಕ್ಕೆ ಒಂದು ಸಲವಾದರೂ ನೋಡುತ್ತೇನೆ, ಶಬ್ದ ಆರಿಸಿ. ವಿವರಣೆ ಹೇಳುವ ಆ ಮಹಾರಾಯ ನಿನ್ನನ್ನು ಹೊಗಳುವುದನ್ನು ಕೇಳಲಾರೆ. ಕಣ್ಣು ಮುಚ್ಚಿಕೊಂಡು ಆಟ ನೋಡು ಅನ್ನುತ್ತೀಯಲ್ಲ, ನನ್ನನ್ನು ಯಾರೆಂದುಕೊಂಡೆ? ಎಷ್ಟು ಸಲ ಕಣ್ಣು ತೆರೆದು ನೋಡಿದರೂ ನಿನ್ನ ಬೆರಳು ಹಿಡಿಯಲಾಗಲಿಲ್ಲ, ಇನ್ನು ಮುಚ್ಚಿದರೆ ಸಿಕ್ಕೀತೇ?

ಆಪರೇಷನ್ ಚೆನ್ನಾಗಿ ಆಗಿದೆ ಅಂದುಕೊಳ್ಳುತ್ತೇನೆ. ಅದು ನಿಜವಾಗಿ ಇದ್ದಿದ್ದರೆ.

ಏಣಿ


ಆಗಸ್ಟ್ ೨

ಆಯ್ಕೆ ಸಮಿತಿಯ ಕಾರ್ಯದರ್ಶಿಯವರಿಗೆ,

ನೀವು ಕಳಿಸಿದ್ದ ನಮೂನೆಯನ್ನು ತುಂಬಿ ಇದರ ಜೊತೆ ಲಗತ್ತಿಸಿದ್ದೇನೆ. ಕೊನೆಯ ದಿನಾಂಕ ಇನ್ನೂ ದೂರವಿದೆ ಅಂತ ಗೊತ್ತು. ಅಭ್ಯರ್ಥಿಯಿಂದ ಒಂದು ವಿಷಯಕ್ಕೆ ಸ್ಪಷ್ಟನೆ ಕೇಳಿದ್ದೆ. ಎಂಟು ವಾರ ಕಾದರೂ ನೇರ ಉತ್ತರ ಬರಲಿಲ್ಲ. ಹೇಳುವುದಕ್ಕೆ ಏನೂ ಇಲ್ಲದವರು ಹೀಗೆ ದಿನ ತಳ್ಳುತ್ತಾರೆ ಅನ್ನುವುದು ನನ್ನ ಅನುಭವ.

ಐದನೇ ಕಾಲಮಿನಲ್ಲಿ 'ಇಲ್ಲ' ಅನ್ನುವ ಚೌಕಕ್ಕೆ ಗುರುತು ಹಾಕಿದ್ದೇನೆ. ಗುರುತು ಸ್ವಲ್ಪ ಅಲುಗಾಡಿದೆ, ಅದನ್ನು ತಿದ್ದುಪಡಿ ಅಂತ ತಿಳಿಯಬೇಡಿ.

ತಮ್ಮ ವಿಶ್ವಾಸಿ,
ಮಾಜಿ ಕ್ಯಾಪ್ಟನ್


ಆಗಸ್ಟ್ ೨೩

ಏಣಕ್ಕ,

ತಡವಾಯಿತು. ಆಪರೇಷನ್ ಆದ ಮೇಲೆ ಹೊಲಿಗೆ ಕೀವು ಹಿಡಿದು ಮತ್ತೆ ಆರು ವಾರ ಆಸ್ಪತ್ರೆಯಲ್ಲೇ ಮಲಗಿಸಿದರು. ಈಗ ಕೂರಲು ಬಿಟ್ಟಿದ್ದಾರೆ. ನೀನು ಹೇಳಿದ್ದು ಸರಿ, ಹಿಂದಿನ ಲಕೋಟೆಯಿಂದ ಒಂದು ಹಾಳೆ ತೆಗೆದಿದ್ದೆ. ಅದರಲ್ಲಿದ್ದದ್ದನ್ನೇ ಈಗ ಬರೆಯುತ್ತಿದ್ದೇನೆ.

ಫೈನಲ್ ಸೋತ ಮೇಲೆ ಆರು ತಿಂಗಳು ನಾನು ನಿನ್ನ ಮೇಲೆ ಅನುಮಾನಪಟ್ಟಿದ್ದೆ. ಬ್ಲಾಕ್ ಆದವೆಲ್ಲ ನಿನ್ನ ಚೆಂಡುಗಳು, ಹಾಗಾದರೆ ಏಣಕ್ಕನೇ ಯಾರಿಗೋ ಹೇಳಿಬಿಟ್ಟಳು ಅಂದುಕೊಂಡೆ. ಕೇಳುವ ಧೈರ್ಯ ಇರಲಿಲ್ಲ. ಆ ಕ್ಲಬ್ಬಿನಿಂದ ಕರೆ ಬಂದಾಗ ಹೋದದ್ದಕ್ಕೆ ಆಟ ಒಂದು ಕಾರಣ, ಇದನ್ನು ತಿಳಿದುಕೊಳ್ಳಬೇಕು ಅನ್ನುವುದು ಇನ್ನೊಂದು.

ಒಂದು ಸೀಸನ್ ಮುಗಿಯುವ ಹೊತ್ತಿಗೆ ಭಾಷೆ ಬಂತು, ಕೋಚ್‌ಗೂ ನನ್ನ ಮೇಲೆ ನಂಬಿಕೆ ಬಂತು. ಒಂದು ದಿನ ಪ್ರಾಕ್ಟೀಸ್ ಮುಗಿಸಿ ನೆಟ್ ಸುತ್ತುತ್ತಿದ್ದಾಗ ಅವರೇ ಹೇಳಿದರು. "ನಿನ್ನ ಬೆರಳನ್ನು ನಾವು ನೋಡಲೇ ಇಲ್ಲ, ನಿಮ್ಮ ಆ ಎತ್ತರದವಳ ದನಿಗೆ ಕಿವಿ ಕೊಟ್ಟಿದ್ದೆವು" ಅಂದರು.

ನೀನು ಅಂಕಣದಲ್ಲಿ ಸದಾ ಕೂಗುತ್ತಿದ್ದೆ. "ನಂಗೆ ಬಿಡೇ, ನಂಗೆ ಬಿಡೇ" ಅಂತ ಪ್ರತಿ ಚೆಂಡಿಗೂ, ಎದುರಿನವರ ದಿಕ್ಕು ತಪ್ಪಿಸಲು. ಆದರೆ ನಾನು ಒಂದು ಬೆರಳು ತೋರಿಸಿದಾಗ, ಚೆಂಡು ನಿಜವಾಗಿ ನಿನಗೇ ಬರುವುದಿದ್ದಾಗ, ನೀನು ಸುಮ್ಮನಾಗಿಬಿಡುತ್ತಿದ್ದೆ. ಹಾರುವುದಕ್ಕೆ ಉಸಿರು ಕಟ್ಟುತ್ತಿದ್ದೆಯಲ್ಲ, ಅದಕ್ಕೆ. ನಿನಗೆ ಅದು ಗೊತ್ತಿರಲಿಲ್ಲ. ನಮಗೂ ಗೊತ್ತಾಗಲಿಲ್ಲ. ನಮಗೆ ನಿನ್ನ ಮಾತು ಅರ್ಥವಾಗುತ್ತಿತ್ತು, ಹಾಗಾಗಿ ಮಾತಿನ ಕಡೆಗೇ ಕಿವಿ. ಅವರಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ, ಅದು ನಿಂತದ್ದು ಮಾತ್ರ ಕೇಳಿಸಿತು.

ನಿನ್ನೆದುರು ಮೂರು ಜೋಡಿ ಕೈ ಏಳುವಾಗ ಯಾವ ಸೆಟ್ಟರ್ ತಾನೇ ಅಲ್ಲಿಗೆ ಚೆಂಡು ಕೊಡುತ್ತಾಳೆ? ಅದಕ್ಕೇ ಐದನೇ ಸೆಟ್ಟಿನಲ್ಲಿ ಕೊಡಲಿಲ್ಲ. ಕೊನೆಯ ಚೆಂಡಿನಲ್ಲಿ ನೀನು ಕೂಗುತ್ತಲೇ ಇದ್ದೆ. ಚೆಂಡು ನಿನಗಲ್ಲ ಅಂತ ಅವರಿಗೆ ತಿಳಿಯಿತು, ಇನ್ನೊಂದು ತುದಿಗೆ ಹೋಗಿ ನಿಂತರು.

ನಿನ್ನ ಪ್ರಶ್ನೆಗೆ ಉತ್ತರ ಇಲ್ಲಿಗೆ ಮುಗಿಯಿತು. ನಾನು ಇಷ್ಟಕ್ಕೇ ನಿಲ್ಲಿಸಬಹುದು. ಆದರೆ ನೀನು ಕೇಳದ ಒಂದು ವಿಷಯ ಉಳಿದಿದೆ.

ಎರಡು ವರ್ಷದ ಮೇಲೆ ಅದೇ ತಂಡದ ಮೇಲೆ ನೀವು ಸೆಮಿಫೈನಲ್ ಆಡಿದಿರಿ. ನಮ್ಮ ತಂಡದಲ್ಲಿ ನಾನಿರಲಿಲ್ಲ. ನಾನು ಮೋಸಗಾತಿ ಅನ್ನುವ ಮಾತು ಅಷ್ಟರಲ್ಲಿ ಎಲ್ಲ ಕಡೆ ಹಬ್ಬಿತ್ತು, ಆಯ್ಕೆಗೆ ಕರೆಯುವುದನ್ನೇ ಬಿಟ್ಟಿದ್ದರು. ಆ ಮಾತು ಎಲ್ಲಿಂದ ಹೊರಟಿತು ಅಂತ ನನಗೆ ಗೊತ್ತಿತ್ತು. ಮ್ಯಾಚ್ ನೋಡಲು ಬಂದಿದ್ದೆ. ಡ್ರೆಸ್ಸಿಂಗ್ ರೂಮಿನ ಹೊರಗೆ, ಗೋಡೆಗೆ ಒರಗಿಸಿದ ಬೆಂಚುಗಳ ಪಕ್ಕ ನಿಂತಿದ್ದೆ. ನಿನಗೆ ಹೇಳಲೆಂದೇ ಬಂದಿದ್ದೆ, "ಅಕ್ಕ, ಕೂಗುವುದು ನಿಲ್ಲಿಸಬೇಡ" ಅಂತ, ಅಷ್ಟೇ. ನೀನು ಬಂದೆ. ನನ್ನನ್ನು ನೋಡಿದೆ, ಮುಖ ತಿರುಗಿಸಿಕೊಂಡು ಹೋದೆ. ನಾನು ಬಾಯಿ ಬಿಡಲಿಲ್ಲ.

ಕೋಚ್‌ಗೆ ಮಾತು ಕೊಟ್ಟಿದ್ದೆ, ಅವರ ಗುಟ್ಟು ಬಿಟ್ಟುಕೊಡಬಾರದಿತ್ತು ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ನೆಪ. ನನಗೆ ಸಿಟ್ಟಿತ್ತು. ಮೇಲೆ ಗ್ಯಾಲರಿಯಲ್ಲಿ ಕೂತು ನೀನು ಬ್ಲಾಕ್ ಆಗುವುದನ್ನು ನೋಡಿದೆ, ಹನ್ನೊಂದು ಸಲ. ಮೊದಲ ನಾಲ್ಕೈದು ಸಲ ನನಗೆ ಖುಷಿಯಾಯಿತು, ಅಕ್ಕ. ಆಮೇಲೆ ಎದ್ದು ಹೋಗಬೇಕು ಅನಿಸಿತು, ಆದರೂ ಕೊನೆಯವರೆಗೆ ಕೂತೆ. ಅದೇ ನಿನ್ನ ಕೊನೆಯ ಮ್ಯಾಚ್ ಆಗುತ್ತದೆ, ನಿನ್ನನ್ನು ತೆಗೆದುಹಾಕುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೇಳುತ್ತಿದ್ದೆನೇ ಅಂತ ಪ್ರಮಾಣ ಮಾಡಲಾರೆ.

ಫೈನಲ್‌ನಲ್ಲಿ ನಾನು ಮೋಸ ಮಾಡಿಲ್ಲ. ಸೆಮಿಫೈನಲ್‌ನಲ್ಲಿ ಮಾಡಿದೆ. ಇದಕ್ಕೆ ನೀನು ಉತ್ತರ ಬರೆಯಬೇಕಾಗಿಲ್ಲ.

ಗುಬ್ಬಿ


ಆಗಸ್ಟ್ ೩೦

ಗುಬ್ಬಿ,

ನಿನ್ನ ಪತ್ರ ಮೊನ್ನೆ ಬಂತು. ನಮೂನೆಗೆ ಕೊನೆಯ ದಿನ ನಾಳೆ. ಎರಡು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಸರಿಯಾಗಿ ಈ ಹೊತ್ತಿಗೆ ಎಲ್ಲವನ್ನೂ ಒಪ್ಪಿಕೊಳ್ಳುತ್ತೀಯ. ಇದೂ ಒಂದು ಆಟವಲ್ಲ ಅಂತ ಹೇಗೆ ನಂಬಲಿ? ತಪ್ಪು ಒಪ್ಪಿಕೊಂಡವಳ ಮೇಲೆ ಕ್ಯಾಪ್ಟನ್ ಕರಗುತ್ತಾಳೆ ಅಂತ ನಿನಗೆ ಚೆನ್ನಾಗಿ ಗೊತ್ತು. ಬಸ್ಸು ತಪ್ಪಿಸಿದಾಗಲೆಲ್ಲ ಹೀಗೇ ಮಾಡುತ್ತಿದ್ದೆ.

ಆದರೂ ಡಿಸ್ಕ್ ಹಾಕಿದೆ. ನನ್ನ ಕಿವಿಯನ್ನೇ ನಾನು ನಂಬುವುದಿಲ್ಲ. ಅದಕ್ಕೆ ತಮ್ಮನ ಹೆಂಡತಿಯನ್ನು ಕೂರಿಸಿಕೊಂಡೆ. ಅವಳು ಬಟ್ಟೆ ಹೊಲಿಯುತ್ತಾಳೆ, ವಾಲಿಬಾಲಿನ ಗಂಧಗಾಳಿ ಇಲ್ಲ. ಟೀವಿಗೆ ಬೆನ್ನು ಮಾಡಿ ಅಂಗಿಗೆ ಗುಂಡಿ ಹಾಕುತ್ತಾ ಕೂತಿದ್ದಳು. ಶಬ್ದ ಜೋರು ಮಾಡಿ, ನನ್ನ ಕೂಗು ಕೇಳಿಸಿಕೊಳ್ಳುತ್ತಿರು ಅಂದೆ, ಯಾಕೆ ಅಂತ ಹೇಳಲಿಲ್ಲ.

ಹತ್ತು ನಿಮಿಷ ಆಗಿರಬಹುದು. "ಅತ್ತಿಗೆ, ಈಗ ಚೆಂಡು ನಿಮಗೇ ಬಂತಲ್ವಾ?" ಅಂದಳು.

"ತಿರುಗಿ ನೋಡಿದ್ಯಾ?"

"ಇಲ್ಲಪ್ಪ. ನೀವು ಸುಮ್ಮನಾದ್ರಲ್ಲ. ನೀವು ಸುಮ್ಮನಾಗೋದು ಅಂದ್ರೆ ಏನೋ ಇದೆ ಅಂತಾನೇ ಅರ್ಥ, ಮನೇಲೂ ಹಾಗೇ ಅಲ್ವಾ."

ಅಲ್ಲಿಂದ ಮುಂದೆ ಒಂಬತ್ತರಲ್ಲಿ ಎಂಟು ಸಲ ಸರಿಯಾಗಿ ಹೇಳಿದಳು. ಗುಂಡಿ ಹಾಕುವ ಕೈ ನಿಲ್ಲಿಸಲಿಲ್ಲ. ಒಂಬತ್ತನೆಯದು ತಪ್ಪಿದ್ದು ದಾರ ಪೋಣಿಸುತ್ತಿದ್ದದ್ದರಿಂದ.

ಸೆಮಿಫೈನಲ್ ವಿಷಯ ಈಗ ಬರೆಯಲಾರೆ. ಯೋಚನೆ ಮಾಡಬೇಕು.

ಏಣಿ


ಸೆಪ್ಟೆಂಬರ್ ೧೪

ಗುಬ್ಬಿ,

ಹಿಂದಿನ ಪತ್ರದಲ್ಲಿ ನಿನಗೆ ಒಂದು ವಿಷಯ ಮುಚ್ಚಿಟ್ಟಿದ್ದೆ. ನಮೂನೆಯನ್ನು ಆಗಸ್ಟ್ ಎರಡಕ್ಕೇ ಕಳಿಸಿಬಿಟ್ಟಿದ್ದೆ, 'ಇಲ್ಲ' ಅಂತ ಗುರುತು ಹಾಕಿ. ಕೊನೆಯ ದಿನ ಕಳೆದ ಮೇಲಲ್ಲವೇ ತೀರ್ಮಾನ, ಅಷ್ಟರಲ್ಲಿ ಹೋಗಿ ವಾಪಸು ತೆಗೆದುಕೊಂಡರಾಯಿತು, ನಿನಗೆ ತಿಳಿಯುವುದೇ ಬೇಡ ಅಂತ ನನ್ನ ಎಣಿಕೆ. ಹತ್ತು ದಿನ ಮೀನ ಮೇಷ ಎಣಿಸಿದೆ. ವಾಪಸು ಪಡೆಯಲು ಕಾರಣ ಹೇಳಬೇಕಲ್ಲ. ನನ್ನ ಬಾಯಿಂದಲೇ ಫೈನಲ್ ಸೋತೆವು ಅಂತ, ಮೂವತ್ತೊಂದು ವರ್ಷ ಅಯ್ಯೋ ಪಾಪ ಅನಿಸಿಕೊಂಡವಳು ಹೇಗೆ ಹೇಳಲಿ?

ಮೊನ್ನೆ ಹೋದೆ. ಸಮಿತಿಯ ಆಫೀಸು ಮೂರನೇ ಮಹಡಿಯಲ್ಲಿ, ಲಿಫ್ಟ್ ಕೆಟ್ಟಿದೆ. ಆಟಗಾರರಿಗೆ ಸಂಬಂಧಪಟ್ಟ ಆಫೀಸನ್ನು ಮಂಡಿ ಹೋದವರು ಹತ್ತಲಾಗದ ಕಡೆ ಇಟ್ಟಿರುವುದರಲ್ಲಿ ಏನೋ ಹುನ್ನಾರ ಇರಬೇಕು. ಕಾರ್ಯದರ್ಶಿ ಗೆದ್ದ ಕಪ್ಪುಗಳನ್ನಿಟ್ಟ ಕಪಾಟಿನ ಮುಂದೆ ಕೂತಿದ್ದ.

"ಮೇಡಂ, ಅದು ಮುಗಿದು ತಿಂಗಳಾಯ್ತಲ್ಲ. ಎಲ್ಲರ ನಮೂನೆ ಬಂದಿತ್ತು, ನಿಮ್ಮದೊಂದೇ ಬಾಕಿ ಇತ್ತು. ನೀವು ಬೇಗ ಕಳಿಸಿದ್ರಿ, ಆಗಸ್ಟ್ ಹದಿನಾಲ್ಕಕ್ಕೇ ಮೀಟಿಂಗ್ ಮಾಡಿ ಬೇರೆಯವರನ್ನ ತಗೊಂಡ್ವಿ" ಅಂದ.

"ಅವಳಿಗೆ ಹೇಳಿದ್ದೀರಾ?"

"ಹದಿನಾರಕ್ಕೆ ಅವರೇ ಆಸ್ಪತ್ರೆಯಿಂದ ಫೋನ್ ಮಾಡಿದ್ರು. ಯಾಕೆ ಆಗಲಿಲ್ಲ ಅಂತ ಕೇಳಿದ್ರು, ನೀವು ಬರೆದಿದ್ದನ್ನ ಓದಿ ಹೇಳಿದೆ. 'ಸರಿ ಬಿಡಿ' ಅಂದ್ರು."

ನಿನ್ನ ಪತ್ರದ ತಾರೀಖು ಇಪ್ಪತ್ತಮೂರು. ಕಪಾಟಿನ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟೆ. ಕೆಲಸ ಹೋಯಿತು, ಹೋದದ್ದು ನನ್ನಿಂದ ಅಂತ ತಿಳಿದ ಒಂದು ವಾರದ ಮೇಲೆ, ಕೀವು ಹಿಡಿದ ಕಾಲಿಟ್ಟುಕೊಂಡು ನೀನು ಅದೆಲ್ಲವನ್ನೂ ಬರೆದಿದ್ದೀಯ. ನನ್ನಿಂದ ನಿನಗೆ ಸಿಗಬೇಕಾದದ್ದು ಏನೂ ಉಳಿದಿರಲಿಲ್ಲ. ನಾನು ಅದನ್ನು ಆಟ ಅಂದೆ.

ಅಧ್ಯಕ್ಷರನ್ನು ಕರೆಸು ಅಂದೆ. ಬಂದರು. ನಾನು ಹೇಳಿದ್ದನ್ನು ಕಾರ್ಯದರ್ಶಿಯ ಕೈಯಲ್ಲಿ ಸಾಲು ಸಾಲಾಗಿ ಬರೆಸಿದೆ. ಫೈನಲ್ ಸೋತದ್ದು ಕ್ಯಾಪ್ಟನ್ನಿನ ಅಭ್ಯಾಸದಿಂದ, ಸೆಟ್ಟರಿನ ಬೆರಳಿನಿಂದಲ್ಲ. ಸೆಟ್ಟರ್ ಮೇಲೆ ಸುಳ್ಳು ಮಾತು ಹಬ್ಬಿಸಿದವಳು ಕ್ಯಾಪ್ಟನ್. ಸೆಮಿಫೈನಲ್ ವಿಷಯವನ್ನೂ ಹೇಳಿದೆ, ಅರ್ಧ ಸತ್ಯ ಬರೆಸುವುದಾದರೆ ಮೂರು ಮಹಡಿ ಯಾಕೆ ಹತ್ತಬೇಕು? ಅಧ್ಯಕ್ಷರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಹಾಗಾದ್ರೆ ಅವರು ನಿಮಗೆ ಮೋಸ ಮಾಡಿದ್ದು ನಿಜ ತಾನೇ?" ಅಂದರು. "ಅದು ನನ್ನ ಅವಳ ಜಗಳ, ನೀವು ನಡುವೆ ಬರಬೇಡಿ. ಆ ಹುಡುಗಿಯರಿಗೆ ಅವಳಷ್ಟು ಒಳ್ಳೆಯ ಕೋಚ್ ಸಿಗುತ್ತಿರಲಿಲ್ಲ, ಅದನ್ನು ಬರೆದುಕೊಳ್ಳಿ" ಅಂದೆ. ಬರೆದುಕೊಂಡರು. ಹೊಸ ಕೋಚ್‌ಗೆ ಆದೇಶ ಹೋಗಿಯಾಗಿದೆ, ಬದಲಾಯಿಸಲು ಬರುವುದಿಲ್ಲವಂತೆ. ವಿಷಾದ ಅಂದರು. ಅವರ ವಿಷಾದ ಕಟ್ಟಿಕೊಂಡು ನಿನಗೇನಾಗಬೇಕು?

ನೀನು ಮಾಡದ ತಪ್ಪಿಗೆ ಮೂವತ್ತೊಂದು ವರ್ಷ ನಿನ್ನ ಮೇಲೆ ಸಿಟ್ಟು ಸಾಕಿಕೊಂಡಿದ್ದೆ. ಈಗ ಮಾಡಿದ ತಪ್ಪೇ ಕೈಗೆ ಸಿಕ್ಕಿದೆ, ಸಿಟ್ಟು ಬರುತ್ತಿಲ್ಲ. ಆ ಹನ್ನೊಂದು ಬ್ಲಾಕನ್ನು ಒಂದೊಂದಾಗಿ ನೆನೆದು ಸಿಟ್ಟು ಬರಿಸಿಕೊಳ್ಳಲು ನೋಡಿದೆ. ಅಳು ಬಂತು. ತಮ್ಮನ ಹೆಂಡತಿ ಬಂದು ಇಣುಕಿ ಹೋದಳು.

ನಿನ್ನ ಕೆಲಸ ಹೋದದ್ದು ನನ್ನಿಂದ ಅನ್ನುವುದನ್ನು ಕಾಗದದಲ್ಲಿ ಬರೆದು ಕೈ ತೊಳೆದುಕೊಳ್ಳಲಾರೆ. ಎದುರು ಕೂತು ಹೇಳಬೇಕು. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಹೊರಟು ಬರುತ್ತೇನೆ. ಬರಬೇಡ ಅನ್ನುವುದಿದ್ದರೆ ಕಾಗದ ಬರಿ. ಇದು ನಿನ್ನನ್ನು ಮುಟ್ಟಲು ನಾಲ್ಕು ದಿನ, ನಿನ್ನದು ನನ್ನನ್ನು ಮುಟ್ಟಲು ನಾಲ್ಕು ದಿನ. ಅಷ್ಟರಲ್ಲಿ ನಾನು ನಿನ್ನ ಬಾಗಿಲಲ್ಲಿ ಇರುತ್ತೇನೆ.

ಏಣಿ